ಹಳೇ ಆಲ್ಕೋಗೆ ಬಣ್ಣ ಆಮೇಲೆ ಬಳಿಯೋಣ

ಹಳೇ ಡೀಸೆಲ್ ಲೋಕೋ ಒಂದನ್ನು ಮತ್ತೆ ಓಡಿಸಬೇಕು ಅಂತ ಕರೆಯುವವರು ಮೊದಲು ಬಣ್ಣದ ಮಾತು ತೆಗೆಯುತ್ತಾರೆ. ನಾನು ಮೊದಲು ಇಂಜಿನ್ ಮುಚ್ಚುವ ಹೊದಿಕೆ, ಅಂದರೆ ಹುಡ್ ಮೇಲೆ ಹತ್ತಿ ಹೊಗೆ ಕೊಳವೆ ನೋಡುತ್ತೇನೆ. ಅದಕ್ಕೆ ಮುಚ್ಚಳ ಇಲ್ಲದಿದ್ದರೆ ಎದೆ ಧಸಕ್ಕೆನ್ನುತ್ತದೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನನ್ನ ಕೈಗೆ ಜಾಸ್ತಿ ಸಿಕ್ಕಿದ್ದು ಡಬ್ಲ್ಯುಡಿಎಂ-2 ಅನ್ನುವ ಮಾದರಿಯ ಲೋಕೋ. ಡಬ್ಲ್ಯು ಅಂದರೆ ಬ್ರಾಡ್‌ಗೇಜ್, ಡಿ ಅಂದರೆ ಡೀಸೆಲ್, ಎಂ ಅಂದರೆ ಪ್ಯಾಸೆಂಜರ್ ಮತ್ತು ಗೂಡ್ಸ್ ಎರಡಕ್ಕೂ ಆಗುತ್ತದೆ ಅಂತ. ಮೊದಲ ಗಾಡಿಗಳು 1962ರಲ್ಲಿ ಅಮೆರಿಕದ ಆಲ್ಕೋ ಕಂಪನಿಯಿಂದ ಬಂದವು. 1964ರ ಜನವರಿಯಲ್ಲಿ ವಾರಾಣಸಿಯ ಕಾರ್ಖಾನೆಯ ಮೊದಲ ಲೋಕೋವನ್ನು ಲಾಲ್ ಬಹದ್ದೂರ್ ಶಾಸ್ತ್ರಿ ದೇಶಕ್ಕೆ ಒಪ್ಪಿಸಿದರು. 1969ರಲ್ಲಿ ಆಲ್ಕೋ ಲೋಕೋ ಮಾಡುವುದನ್ನೇ ಬಿಟ್ಟಿತು. ವಾರಾಣಸಿ ಬಿಡಲಿಲ್ಲ, ಇದೇ ಇಂಜಿನ್ನನ್ನು ತಿದ್ದುತ್ತಾ ತೀಡುತ್ತಾ ದಶಕಗಳ ಕಾಲ ಮಾಡಿತು. ನಮ್ಮಂಥವರಿಗೆ ಇದು ದೊಡ್ಡ ಅನುಕೂಲ. ತಯಾರಿಸಿದ ಕಂಪನಿ ಮುಚ್ಚಿಹೋದ ಬೇರೆ ಇಂಜಿನ್‌ಗಳಿಗೆ ಒಂದು ವಾಲ್ವ್ ಹುಡುಕುವಷ್ಟರಲ್ಲಿ ಸಾಕುಸಾಕಾಗುತ್ತದೆ. ಇದಕ್ಕೆ ಆ ಗೋಳು ಕಡಿಮೆ.

ಒಳಗಿರುವುದು ಆಲ್ಕೋದ 251 ಅನ್ನುವ ಮಾದರಿಯ ಇಂಜಿನ್. 16 ಸಿಲಿಂಡರ್, ಒಂದೊಂದರ ಬಾಯಿ 9 ಇಂಚು ಅಗಲ, ಶಕ್ತಿ 2,600 ಹೆಚ್‌ಪಿ. ಇದು ನೇರವಾಗಿ ಚಕ್ರ ತಿರುಗಿಸುವುದಿಲ್ಲ. ಜನರೇಟರ್ ತಿರುಗಿಸುತ್ತದೆ, ಆ ಕರೆಂಟು ಆರು ಅಚ್ಚುಗಳ ಆರು ಮೋಟಾರ್‌ಗೆ ಹೋಗುತ್ತದೆ. ಆಲ್ಕೋ ಅಂದರೆ ಕಪ್ಪು ಹೊಗೆ ಅಲ್ವಾ? ಲೋಕೋ ಪೈಲಟ್ ನಾಚ್, ಅಂದರೆ ವೇಗ ಏರಿಸುವ ಹಿಡಿಯ ಮೆಟ್ಟಿಲು, ಏರಿಸಿದ ಕೂಡಲೇ ಡೀಸೆಲ್ ಜಾಸ್ತಿ ಬರುತ್ತದೆ. ಗಾಳಿ ತುಂಬುವ ಟರ್ಬೋ ಮಾತ್ರ ಹೊಗೆಯ ಒತ್ತಡದಿಂದಲೇ ತಿರುಗಬೇಕು, ಅದು ವೇಗ ಹಿಡಿಯಲು ಒಂದಿಷ್ಟು ಸೆಕೆಂಡು ಬೇಕು. ಆ ಸಂದಿನಲ್ಲಿ ಡೀಸೆಲ್ ಜಾಸ್ತಿ, ಗಾಳಿ ಕಡಿಮೆ, ಪೂರ್ತಿ ಉರಿಯದ ಡೀಸೆಲ್ ಕಪ್ಪು ಹೊಗೆಯಾಗಿ ಹೊರಬರುತ್ತದೆ. ವಿಡಿಯೋ ಮಾಡುವವರಿಗೆ ಹಬ್ಬ. ಇಂಜಿನ್ ವೇಗ ಹಿಡಿದ ಮೇಲೂ ಕಪ್ಪು ಹೊಗೆ ನಿಲ್ಲದಿದ್ದರೆ ನಮಗೆ ಕೆಲಸ. ಇಂಜೆಕ್ಟರ್, ಏರ್ ಫಿಲ್ಟರ್, ಟರ್ಬೋ ಎಲ್ಲ ಬಿಚ್ಚಿ ನೋಡಬೇಕು.

ಈಗ ಕೊಳವೆ ವಿಷಯಕ್ಕೆ ಬರೋಣ. ಅದರ ಬಾಯಿ ಆಕಾಶಕ್ಕೆ ತೆರೆದಿರುತ್ತದೆ. ವರ್ಷಗಟ್ಟಲೆ ಮಳೆಯಲ್ಲಿ ನಿಂತರೆ ನೀರು ಟರ್ಬೋಗೆ ಇಳಿಯುತ್ತದೆ, ಅಲ್ಲಿಂದ ಹೊಗೆ ದಾರಿಯಲ್ಲೇ ಹಿಂದಕ್ಕೆ ಹೋಗಿ, ಎಗ್ಜಾಸ್ಟ್ ವಾಲ್ವ್ ತೆರೆದು ನಿಂತ ಸಿಲಿಂಡರ್‌ನಲ್ಲಿ ಕೂರುತ್ತದೆ. ಗಾಳಿ ಅದುಮಿದರೆ ಕುಗ್ಗುತ್ತದೆ. ನೀರು ಕುಗ್ಗುವುದಿಲ್ಲ. ಬ್ಯಾಟರಿ ಕೊಟ್ಟು ಸ್ಟಾರ್ಟ್ ಗುಂಡಿ ಒತ್ತಿದಿರೋ, ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗಿಹೋಗುತ್ತದೆ.

ಒಮ್ಮೆ ಒಂದು ಗಾಡಿ ಹತ್ತಿರ ಎಲ್ಲರಿಗೂ ಅವಸರ. ‘ಸುಮ್ನೆ ಒಂದು ಸಲ ಕ್ರ್ಯಾಂಕ್ ಮಾಡಿ ನೋಡೋಣ ಸಾರ್’ ಅಂದರು. ನಾನು ಒಪ್ಪಲಿಲ್ಲ. 16 ಸಿಲಿಂಡರ್ ಹೆಡ್‌ಗಳ ಟೆಸ್ಟ್ ಪ್ಲಗ್, ಅಂದರೆ ಚಿಕ್ಕ ತೂತಿನ ಬಿರಡೆ, ಬಿಚ್ಚಿಸಿದೆ. ಕಬ್ಬಿಣದ ಬಾರ್ ಹಾಕಿ ಮೂವರು ಸೇರಿ ಇಂಜಿನ್ನಿನ ಮುಖ್ಯ ದಂಡ ಕ್ರ್ಯಾಂಕ್‌ಶಾಫ್ಟನ್ನು ಕೈಯಿಂದ ತಿರುಗಿಸಿದೆವು. ಒಂದೇ ಸುತ್ತು ತಿರುಗಿಸಿ ನಿಲ್ಲಿಸಬಾರದು, ಎರಡು ಸುತ್ತು ಪೂರ್ತಿ ಆದಾಗಲೇ ಪ್ರತಿ ಸಿಲಿಂಡರಿನ ನಾಲ್ಕು ಸ್ಟ್ರೋಕ್ ಮುಗಿಯುವುದು. ಮೊದಲ ಸುತ್ತಿನಲ್ಲಿ ಏನೂ ಇಲ್ಲ. ಎರಡನೇ ಸುತ್ತು ಅರ್ಧ ದಾಟಿದಾಗ ಒಂದು ಪ್ಲಗ್ಗಿನ ತೂತಿನಿಂದ ತುಕ್ಕಿನ ನೀರು ಪಿಚಕಾರಿ ಹಾಗೆ ಚಿಮ್ಮಿ ಅವಸರ ಮಾಡಿದವರ ಬಿಳಿ ಅಂಗಿ ಮೇಲೇ ಬಿತ್ತು. ಆಮೇಲೆ ಯಾರೂ ಬ್ಯಾಟರಿ ಸುದ್ದಿ ಎತ್ತಲಿಲ್ಲ.

ಲೂಬ್ ಆಯಿಲ್‌ಗೂ ಒಂದು ಸುಲಭ ಪರೀಕ್ಷೆ ಇದೆ. ಕಾದ ತಗಡಿನ ಮೇಲೆ ಒಂದು ಹನಿ ಬಿಡಿ. ಚಟಪಟ ಅಂದರೆ ನೀರು ಸೇರಿದೆ. ಬಹಳ ಸಲ ಲೈನರ್‌ನ, ಅಂದರೆ ಸಿಲಿಂಡರಿನ ಒಳಕೊಳವೆಯ, ರಬ್ಬರ್ ರಿಂಗ್ ಗಟ್ಟಿಯಾಗಿ, ತಂಪಿಗೆ ಬಿಟ್ಟ ನೀರು ಕೆಳಗಿನ ಎಣ್ಣೆ ತೊಟ್ಟಿಗೆ ಸೋರಿರುತ್ತದೆ. ಎಣ್ಣೆ ಬದಲಿಸಿದರೆ ಆಗಲಿಲ್ಲ, ರಿಂಗೂ ಬದಲಾಗಬೇಕು. ಮೋಟಾರ್‌ಗಳಿಗೆ ಮೆಗರ್ ಅನ್ನುವ ಮೀಟರ್ ಹಿಡಿದು ಇನ್ಸುಲೇಶನ್, ಅಂದರೆ ಕರೆಂಟು ಸೋರದಂತೆ ತಡೆಯುವ ಹೊದಿಕೆ, ಸರಿ ಇದೆಯಾ ನೋಡಿ, ತೇವ ಇದ್ದರೆ ಬಿಸಿಗಾಳಿ ಬಿಟ್ಟು ಒಣಗಿಸಬೇಕು.

ಆಮೇಲೆ ಬಣ್ಣ. ಇಲ್ಲಿ ನನ್ನದೊಂದು ತಕರಾರು. ‘ಮೂಲ ರೂಪಕ್ಕೆ ತನ್ನಿ’ ಅನ್ನುತ್ತಾರೆ. ಯಾವ ಮೂಲ? ವ್ಯಾಕ್ಯೂಮ್ ಬ್ರೇಕ್ ಜೊತೆ ಹುಟ್ಟಿದ ಗಾಡಿಗೆ ಆಮೇಲೆ ಏರ್ ಬ್ರೇಕ್ ಕೂರಿಸಿರುತ್ತಾರೆ, ಎಷ್ಟೋ ಡಬ್ಲ್ಯುಡಿಎಂ-2ಗಳು ರಿಪೇರಿಗೆ ಹೋಗಿ 3,100 ಹೆಚ್‌ಪಿಯ ಡಬ್ಲ್ಯುಡಿಎಂ-3ಎ ಆಗಿ ವಾಪಸ್ ಬಂದವು. ಕ್ಯಾಬ್ ಪಕ್ಕದಲ್ಲಿ ಕಾಸಗಲ ಜಾಗವನ್ನು ನೀರು ಹಾಕಿ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿದರೆ ಒಂದೊಂದು ಶೆಡ್ಡಿನ ಬಣ್ಣ ಪದರ ಪದರವಾಗಿ ಕಾಣುತ್ತದೆ. ಕೊನೆಗೆ ಓಡಿದಾಗ ಹೇಗಿತ್ತೋ ಹಾಗೇ ಇಡೋಣ ಅನ್ನುವವನು ನಾನು. ಆ ಕಾಸಗಲ ಜಾಗಕ್ಕೆ ಬಣ್ಣ ಬಳಿಯದೆ ವಾರ್ನಿಶ್ ಹಚ್ಚಿ ಬಿಡುತ್ತೇನೆ.

ಇಂಜಿನ್ ಶುರುವಾದ ದಿನ ಎಲ್ಲರೂ ಫೋಟೋ ತೆಗೆದುಕೊಂಡು ಮನೆಗೆ ಹೋಗುತ್ತಾರೆ. ನಾನು ಇಂಜಿನ್ ಆರುವ ತನಕ ಕಾದು, ಮತ್ತೆ ಹುಡ್ ಹತ್ತಿ, ಕೊಳವೆ ಬಾಯಿಗೆ ತಗಡಿನ ಮುಚ್ಚಳ ಹಾಕಿ ತಂತಿ ಬಿಗಿದು ಇಳಿಯುತ್ತೇನೆ. ಮುಚ್ಚಳ ಹಾಕಿದೆ ಅಂತ ಕ್ಯಾಬಿನಲ್ಲಿ ಒಂದು ಚೀಟಿ ಕಟ್ಟುವುದನ್ನೂ ಮರೆಯುವುದಿಲ್ಲ.