ಮಿಸ್, ಇದು ಕೂಡೋದಾ ಕಳೆಯೋದಾ?

"ಶಿವು ಹತ್ತಿರ 12 ಗೋಲಿ ಇವೆ. ರಫೀಕನ ಹತ್ತಿರ ಇರುವುದಕ್ಕಿಂತ ಇವು 5 ಜಾಸ್ತಿ. ಹಾಗಾದರೆ ರಫೀಕನ ಹತ್ತಿರ ಎಷ್ಟು?"

ಮೂರನೇ ತರಗತಿಯಲ್ಲಿ ಈ ಲೆಕ್ಕ ಕೊಟ್ಟು ನೋಡಿ. 17 ಅಂತ ಬರೆದವರು ಬೇಕಾದಷ್ಟು ಜನ ಸಿಗುತ್ತಾರೆ. ಕೆಲವರು ಬರೆಯುವ ಮೊದಲೇ ಕೇಳುತ್ತಾರೆ: "ಮಿಸ್, ಇದು ಕೂಡೋದಾ ಕಳೆಯೋದಾ?" ಈ ಮಕ್ಕಳಿಗೆ ಎರಡೂ ಬರುತ್ತವೆ. ಯಾವಾಗ ಯಾವುದು ಅನ್ನುವುದು ಮಾತ್ರ ಗೊತ್ತಿಲ್ಲ. ತಪ್ಪು ಅವರದಲ್ಲ. "ಒಟ್ಟು, ಜಾಸ್ತಿ ಅಂತ ಬಂದರೆ ಕೂಡು, ಉಳಿದದ್ದು, ಕಡಿಮೆ ಅಂತ ಬಂದರೆ ಕಳೆ" ಎಂಬ ಅಡ್ಡದಾರಿ ಹೇಳಿಕೊಟ್ಟವರು ದೊಡ್ಡವರೇ. ಮಗು ಲೆಕ್ಕ ಓದುವುದಿಲ್ಲ, ಆ ಒಂದು ಪದವನ್ನು ಹುಡುಕುತ್ತದೆ.

ಲೆಕ್ಕ ಮತ್ತು ದಿನದ ವ್ಯವಹಾರ ನಮ್ಮಲ್ಲಿ ಮೊದಲಿನಿಂದಲೂ ಹೀಗೆ ದೂರ ದೂರ ಇರಲಿಲ್ಲ. 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ ಬರೆದ ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದ ಆರಂಭದಲ್ಲೇ ಲೆಕ್ಕ ಎಲ್ಲೆಲ್ಲಿ ಬೇಕು ಅಂತ ಪಟ್ಟಿ ಕೊಡುತ್ತಾನೆ. ಸಂಗೀತ, ನಾಟಕ, ವೈದ್ಯ, ಮನೆ ಕಟ್ಟುವುದು ಎಲ್ಲ ಅದರಲ್ಲಿವೆ. ಅಡುಗೆಯೂ ಇದೆ! 12ನೇ ಶತಮಾನದ ರಾಜಾದಿತ್ಯ ಕನ್ನಡದಲ್ಲೇ ಗಣಿತ ಬರೆದ. ಅವನ ಒಂದು ಪುಸ್ತಕದ ಹೆಸರೇ ವ್ಯವಹಾರಗಣಿತ.

ಆಮೇಲಿನ ಕೂಲಿಮಠಗಳಲ್ಲಿ, ಅಂದರೆ ಹಿಂದಿನ ಹಳ್ಳಿ ಶಾಲೆಗಳಲ್ಲಿ, ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಂಕಿ ತಿದ್ದುತ್ತಿದ್ದರು. ಬರೀ ಎರಡರ ಮಗ್ಗಿ, ಮೂರರ ಮಗ್ಗಿ ಅಲ್ಲ. ಕಾಲು, ಅರೆ, ಮುಕ್ಕಾಲು ಮಗ್ಗಿಗಳೂ ಬಾಯಿಪಾಠ ಆಗಬೇಕಿತ್ತು. ಅದಕ್ಕೆ ಕಾರಣ ಇತ್ತು. ರೂಪಾಯಿಗೆ 16 ಆಣೆ, ಅಂಗಡಿಯಲ್ಲಿ ಸೇರು, ಅಚ್ಚೇರು, ಪಾವು, ಚಟಾಕು ಅನ್ನುವ ಅಳತೆಗಳು. ಸೇರಿಗೆ 12 ಆಣೆಯಾದರೆ ಮುಕ್ಕಾಲು ಸೇರಿಗೆ ಎಷ್ಟು? ಮುಕ್ಕಾಲು ಮಗ್ಗಿ ಬರುವ ಹುಡುಗ ಕಣ್ಣು ಮಿಟುಕಿಸುವಷ್ಟರಲ್ಲಿ 9 ಆಣೆ ಅಂತಿದ್ದ. ಆ ಮಠಗಳನ್ನು ಸುಮ್ನೆ ಹೊಗಳುವುದೂ ಬೇಡ. ಬೆತ್ತ ಜೋರಾಗಿಯೇ ಓಡಾಡುತ್ತಿತ್ತು. ಹೆಣ್ಣುಮಕ್ಕಳಿಗೆ, ಕೆಳಜಾತಿ ಅನ್ನಿಸಿಕೊಂಡವರ ಮಕ್ಕಳಿಗೆ ಬಹುಮಟ್ಟಿಗೆ ಅಲ್ಲಿ ಜಾಗವೇ ಇರಲಿಲ್ಲ. ಆದರೂ ಬೆಳಗ್ಗೆ ಒಪ್ಪಿಸಿದ ಮಗ್ಗಿಗೆ ಸಂಜೆ ಸಂತೆಯಲ್ಲಿ ಕೆಲಸ ಇತ್ತು.

1957ರ ಏಪ್ರಿಲ್ 1ರಂದು ರೂಪಾಯಿಗೆ 100 ನಯಾ ಪೈಸೆ ಆಯಿತು. ಹಿಂದೆಯೇ ಕಿಲೋ, ಲೀಟರ್, ಮೀಟರ್ ಬಂದವು. ಒಳ್ಳೆಯದೇ ಆಯಿತು, ಆಣೆ-ಪೈ ಲೆಕ್ಕದ ಗೋಳು ತಪ್ಪಿತು. ಮುಕ್ಕಾಲು ಮಗ್ಗಿ ಮೂಲೆ ಸೇರಿತು. ಆದರೆ ಶಾಲೆಯಲ್ಲಿ ಬಾಯಿಪಾಠದ ಅಭ್ಯಾಸ ಹಾಗೇ ಉಳಿಯಿತು, ಅದರ ಜೊತೆಗಿದ್ದ ಸಂತೆ ಮಾತ್ರ ತರಗತಿಯಿಂದ ಹೊರಗೆ ಹೋಯಿತು. ನನ್ನ ಪ್ರಕಾರ ತೊಂದರೆಯ ಬೇರು ಇಲ್ಲಿದೆ. ಬಾಯಿಪಾಠವನ್ನು ಬೈಯುವುದು ಸುಲಭ. ಮಗ್ಗಿ ಬಾರದ ಮಗುವಿಗೆ ಭಾಗಾಕಾರ ಎಷ್ಟು ಕಷ್ಟ ಅಂತ ಪಾಠ ಮಾಡುವವರಿಗೆ ಗೊತ್ತು. ಪ್ರಶ್ನೆ ಇರುವುದು, ಕಲಿತ ಮಗ್ಗಿಯನ್ನು ಎಲ್ಲಿ ಬಳಸುವುದು ಅನ್ನುವುದು.

ಈ ಬಿರುಕು ಎಷ್ಟು ಆಳ ಅಂತ ತೋರಿಸಿದ ಅಧ್ಯಯನ ನಡೆದದ್ದು ಬ್ರೆಜಿಲ್‌ನ ರೆಸಿಫೆ ಊರಿನಲ್ಲಿ. 1985ರಲ್ಲಿ ಪ್ರಕಟವಾಯಿತು. ಸಂಶೋಧಕರು ಬೀದಿಯಲ್ಲಿ ತೆಂಗಿನಕಾಯಿ ಮಾರುವ 12 ವರ್ಷದ ಹುಡುಗನ ಹತ್ತಿರ ಗಿರಾಕಿಗಳ ಹಾಗೆ ಹೋದರು. ಒಂದಕ್ಕೆ 35, ನಾಲ್ಕಕ್ಕೆ ಎಷ್ಟಪ್ಪ ಅಂತ ಕೇಳಿದರು. ಹುಡುಗ ಮೂರಕ್ಕೆ 105 ಅಂದ, ಅದಕ್ಕೆ 30 ಸೇರಿಸಿ 135 ಅಂದ, ಇನ್ನೂ 5 ಸೇರಿಸಿ 140 ಅಂದ. ಆಮೇಲೆ ಅದೇ ಹುಡುಗನಿಗೆ 35ನ್ನು 4ರಿಂದ ಗುಣಿಸು ಅಂತ ಕಾಗದ ಕೊಟ್ಟರು. ನಾಲ್ಕೈದಲಿ 20, ಸೊನ್ನೆ ಬರೆದು ಕೈಯಲ್ಲಿ 2. ಆ 2ನ್ನು 3ಕ್ಕೆ ಮೊದಲೇ ಕೂಡಿ 5 ಮಾಡಿಕೊಂಡು ಮತ್ತೆ ನಾಲ್ಕರಿಂದ ಗುಣಿಸಿದ. ಉತ್ತರ 200! ಬೀದಿಯಲ್ಲಿ ಒಂದು ಕಾಯಿಗೂ ಮೋಸ ಹೋಗದವನು ಕಾಗದದ ಮೇಲೆ 60 ಜಾಸ್ತಿ ಬರೆದ. ಅದು ತೀರಾ ಜಾಸ್ತಿ ಅಂತ ಅವನಿಗೆ ಅನ್ನಿಸಲೂ ಇಲ್ಲ.

ನಮ್ಮ ದೇಶದಲ್ಲೂ ಇಂಥದ್ದೇ ಕೆಲಸ ಆಗಿದೆ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಕೋಲ್ಕತ್ತ, ದೆಹಲಿಯ ಮಾರುಕಟ್ಟೆಗಳಲ್ಲಿ ನಡೆಸಿದ ಅಧ್ಯಯನ 2025ರಲ್ಲಿ ಹೊರಬಂತು. ತರಕಾರಿ ಮಾರುವ ಮಕ್ಕಳು ಗ್ರಾಂ ಲೆಕ್ಕದ ಬೆಲೆ, ಚಿಲ್ಲರೆ ಎಲ್ಲ ಬಾಯಲ್ಲೇ ಸರಿಯಾಗಿ ಹೇಳಿದರು, ಪುಸ್ತಕದ ಲೆಕ್ಕಕ್ಕೆ ತಡವರಿಸಿದರು. ಶಾಲೆಗೆ ಮಾತ್ರ ಹೋಗುವ ಮಕ್ಕಳು ಇದಕ್ಕೆ ತದ್ವಿರುದ್ಧ. ಕಾಗದದ ಮೇಲೆ ಅವರೇ ಮೇಲು, ಅಂಗಡಿ ಲೆಕ್ಕ ಬಂದಾಗ ಹಿಂದೆ.

ಕರ್ನಾಟಕದಲ್ಲಿ ಇದನ್ನು ಸರಿಪಡಿಸುವ ಪ್ರಯತ್ನ ಆಗಿಲ್ಲ ಅಂತಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ನಲಿ-ಕಲಿ ಅನ್ನುವ ಕಲಿಕೆಯ ಪದ್ಧತಿ ಶುರುವಾಯಿತು. ಆಂಧ್ರದ ರಿಷಿ ವ್ಯಾಲಿ ಶಾಲೆಗಳನ್ನು ನೋಡಿ ಬಂದ ಮೇಷ್ಟ್ರುಗಳೇ ಅದನ್ನು ಇಲ್ಲಿಗೆ ಹೊಂದಿಸಿದರು. ಇಡೀ ತರಗತಿಗೆ ಒಂದೇ ಪಾಠ ಅನ್ನುವುದು ಹೋಯಿತು. ಕಾರ್ಡು, ಮಗು ಯಾವ ಹಂತದಲ್ಲಿದೆ ಅಂತ ತೋರಿಸುವ ಕಲಿಕಾ ಏಣಿ, ಮಕ್ಕಳ ಕೈಗೆ ಎಟುಕುವ ಕಪ್ಪುಹಲಗೆ, ನೆಲದ ಮೇಲೆ ಗುಂಪು ಗುಂಪಾಗಿ ಕೂತು ಕೆಲಸ. 2009-10ರಲ್ಲಿ ಇದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆಲ್ಲ ಬಂತು.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ದಿಕ್ಕನ್ನೇ ಬದಲಿಸಲು ನೋಡಿತು. ಗಣಿತಕ್ಕಾಗಿ ಆರ್. ರಾಮಾನುಜಂ ಅಧ್ಯಕ್ಷತೆಯಲ್ಲಿ ಒಂದು ಗುಂಪು ಇತ್ತು. ಎಷ್ಟು ಲೆಕ್ಕ ಕಲಿತರು ಅನ್ನುವುದಕ್ಕಿಂತ ಮಗು ಗಣಿತದ ಹಾಗೆ ಯೋಚಿಸಲು ಕಲಿಯಿತಾ ಅನ್ನುವುದೇ ಮುಖ್ಯ ಅಂತ ಅದು ಹೇಳಿತು. ಮಕ್ಕಳ ಭಯ, ಸಪ್ಪೆ ಪಠ್ಯ, ಒರಟು ಪರೀಕ್ಷೆ, ಶಿಕ್ಷಕರಿಗೆ ಸಾಲದ ತಯಾರಿ, ಈ ನಾಲ್ಕನ್ನೂ ಹೆಸರಿಸಿತು. ಮುಂದಿನ ದಶಕದಲ್ಲಿ ಅಕ್ಷರ ಫೌಂಡೇಶನ್ ಎಂಬ ಸ್ವಯಂಸೇವಾ ಸಂಸ್ಥೆ ಮತ್ತು ರಾಜ್ಯ ಸರ್ಕಾರ ಸೇರಿ ನಾಲ್ಕು, ಐದನೇ ತರಗತಿಗಳಿಗೆ ಗಣಿತ ಕಲಿಕಾ ಆಂದೋಲನ ತಂದವು. ಶಾಲೆಗೊಂದು ಕಿಟ್ ಬಂತು: ಅಬಾಕಸ್, ಹತ್ತರ ಪಟ್ಟಿ, ಭಿನ್ನರಾಶಿ ತುಂಡುಗಳು, ಆಟದ ನೋಟು.

ಕಿಟ್ ಏನು ಮಾಡುತ್ತದೆ ಅನ್ನುವುದಕ್ಕೆ 52ರಿಂದ 17 ಕಳೆಯುವುದನ್ನೇ ನೋಡಿ. ಎಷ್ಟೋ ಮಕ್ಕಳು 45 ಬರೆಯುತ್ತಾರೆ. 2ರಲ್ಲಿ 7 ಹೋಗುವುದಿಲ್ಲ ಅಂತ 7ರಲ್ಲೇ 2 ಕಳೆದುಬಿಡುತ್ತಾರೆ. "ಪಕ್ಕದ ಮನೆಯಿಂದ ಸಾಲ ತಾ" ಅಂತ ಹೇಳಿಕೊಟ್ಟರೆ ಒಂದು ಯಾಕೆ ಹತ್ತಾಗುತ್ತದೆ ಅಂತ ಮಗುವಿಗೆ ತಿಳಿಯುವುದಿಲ್ಲ. ಹತ್ತತ್ತು ಕಡ್ಡಿಯ ಐದು ಕಟ್ಟು, ಎರಡು ಬಿಡಿ ಕಡ್ಡಿ ಕೈಗೆ ಕೊಡಿ. 17 ಕಡ್ಡಿ ಕೊಡು ಅಂದಾಗ ಅದು ತಾನಾಗಿಯೇ ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚುತ್ತದೆ. ಅದಾದ ಮೇಲೆ ಕಾಗದದ ಮೇಲೆ 4, 12 ಅಂತ ತಿದ್ದಿ ಬರೆಯುವುದಕ್ಕೆ ಅರ್ಥ ಬರುತ್ತದೆ.

ಹಾಗಂತ ಕಿಟ್ ಬಂದರೆ ಎಲ್ಲ ಆಯಿತು ಅಂತಲ್ಲ. ಬೀರುವಿನಲ್ಲೇ ಕೂತ ಕಿಟ್‌ನಿಂದ ಏನೂ ಆಗದು. ಹಳ್ಳಿ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಯ 2024ರ ವರದಿಯಲ್ಲಿ ದೇಶದ ಹಳ್ಳಿಗಳ ಐದನೇ ತರಗತಿ ಮಕ್ಕಳಲ್ಲಿ ಸರಳ ಭಾಗಾಕಾರ ಮಾಡಿದವರು ಶೇ 30.7 ಮಾತ್ರ. 2022ರಲ್ಲಿ ಶೇ 25.6 ಇತ್ತು, ಅಂದರೆ ಸ್ವಲ್ಪ ಏರಿದೆ. 2021ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ನಿಪುಣ್ ಭಾರತ್ ಯೋಜನೆ 2026-27ರ ಹೊತ್ತಿಗೆ ಮೂರನೇ ತರಗತಿಯವರು 9999ರವರೆಗೆ ಓದಿ ಬರೆಯಬೇಕು, ಸರಳ ಗುಣಾಕಾರದ ಲೆಕ್ಕ ಬಿಡಿಸಬೇಕು ಅನ್ನುತ್ತದೆ. ಗುರಿ ಸರಿಯೇ. ಆದರೆ ಹೀಗೆ ಎಣಿಸಿ ನೋಡುವ ಗುರಿ ಬಂದ ಕೂಡಲೇ ತರಗತಿಯೂ ಎಣಿಸಲು ಆಗುವುದನ್ನೇ ಜಾಸ್ತಿ ಮಾಡಿಸುತ್ತದೆ. ಎರಡು ಮೂರು ತರಗತಿಯನ್ನು ಒಂದೇ ಕೋಣೆಯಲ್ಲಿ ನಡೆಸುವ ಮೇಷ್ಟ್ರಿಗೆ ಬೇರೆ ದಾರಿಯೂ ಕಡಿಮೆ.

ಕೆಲವು ಶಿಕ್ಷಕರು ಖರ್ಚಿಲ್ಲದ ಒಂದು ಉಪಾಯ ಮಾಡುತ್ತಾರೆ. ಲೆಕ್ಕದಿಂದ ಅಂಕಿಗಳನ್ನೇ ತೆಗೆದುಬಿಡುತ್ತಾರೆ. "ಬಸ್ಸಿನಲ್ಲಿ ಕೆಲವರು ಇದ್ದರು. ಸ್ಟಾಪಿನಲ್ಲಿ ಕೆಲವರು ಇಳಿದರು, ಅದಕ್ಕಿಂತ ಜಾಸ್ತಿ ಜನ ಹತ್ತಿದರು. ಈಗ ಬಸ್ಸಿನಲ್ಲಿ ಮೊದಲಿಗಿಂತ ಜಾಸ್ತಿ ಜನ ಇದ್ದಾರಾ, ಕಡಿಮೆಯಾ?" ಕೂಡಲು, ಕಳೆಯಲು ಅಂಕಿಯೇ ಇಲ್ಲ. ಮಕ್ಕಳು ಚಿತ್ರ ಬರೆಯುತ್ತಾರೆ, ಇಬ್ಬರು ಎದ್ದು ನಿಂತು ಜಗಳಕ್ಕೇ ಇಳಿಯುತ್ತಾರೆ. ಅಂಕಿ ಆಮೇಲೆ ಬರುತ್ತದೆ.