ಬಡತನದ ಲೆಕ್ಕದಲ್ಲಿ ಬರುವ ದುಡ್ಡು, ಮಗುವಿನ ತೊಡಕು ನೋಡಿ ಖರ್ಚಾಗಬೇಕು

‘ಪ್ಯೂಪಿಲ್ ಪ್ರೀಮಿಯಂ ಅಂತ ಬರುತ್ತಲ್ವಾ, ಆ ದುಡ್ಡಲ್ಲಿ ನಮ್ಮ ಮಗುವಿಗೆ ಏನು ಕೊಟ್ರಿ?’ ಇಂಗ್ಲೆಂಡಿನ ಪ್ರಾಥಮಿಕ ಶಾಲೆಗಳಲ್ಲಿ ಪೋಷಕರು ಕೇಳುವ ಪ್ರಶ್ನೆ ಇದು. ಕೇಳಲೇಬೇಕಾದ ಪ್ರಶ್ನೆ. ಆದರೆ ಉತ್ತರ ಒಂದೇ ಮಾತಿನಲ್ಲಿ ಮುಗಿಯುವುದಿಲ್ಲ. ಯಾಕೆಂದರೆ ಅದು ಮಗುವಿನ ಹೆಸರಿನಲ್ಲಿರುವ ಖಾತೆ ಅಲ್ಲ. ಕಡಿಮೆ ಆದಾಯದ ಮನೆಗಳ ಮಕ್ಕಳ ತಲೆ ಎಣಿಸಿ ಸರ್ಕಾರ ಶಾಲೆಗೆ ಕೊಡುವ ಹೆಚ್ಚುವರಿ ದುಡ್ಡು. ಅದನ್ನು ಎಲ್ಲಿ ಹಾಕಬೇಕು ಅನ್ನುವುದನ್ನು ಶಾಲೆಯೇ ತೀರ್ಮಾನಿಸುತ್ತದೆ.

ಯೋಜನೆ ಶುರುವಾದದ್ದು 2011ರಲ್ಲಿ. 2025–26ರಲ್ಲಿ ಪ್ರಾಥಮಿಕ ಶಾಲೆಗೆ ಒಂದು ಮಗುವಿನ ಲೆಕ್ಕದಲ್ಲಿ 1,515 ಪೌಂಡ್, ಪ್ರೌಢಶಾಲೆಗೆ 1,075 ಪೌಂಡ್. ಚಿಕ್ಕ ಮಕ್ಕಳಿಗೇ ಜಾಸ್ತಿ, ಅದು ಸರಿಯೂ ಹೌದು. ಕಳೆದ ಆರು ವರ್ಷಗಳಲ್ಲಿ ಯಾವಾಗಲಾದರೂ ಕಡಿಮೆ ಆದಾಯದ ಕಾರಣಕ್ಕೆ ಉಚಿತ ಊಟಕ್ಕೆ ಅರ್ಹ ಎಂದು ದಾಖಲಾಗಿದ್ದ ಮಗು ಲೆಕ್ಕಕ್ಕೆ ಬರುತ್ತದೆ. ಅಪ್ಪನಿಗೆ ಒಂದು ಕೆಲಸ ಸಿಕ್ಕಿತು ಅಂತ ಮರುವರ್ಷವೇ ದುಡ್ಡು ನಿಲ್ಲುವುದಿಲ್ಲ. ಆ ವರ್ಷದ ದರದಲ್ಲಿ, ಇಂಥ 60 ಮಕ್ಕಳಿರುವ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 90,900 ಪೌಂಡ್. ಸಣ್ಣ ಮೊತ್ತವಲ್ಲ.

ಈ ದುಡ್ಡಿನ ಯೋಜನೆ ಹಾಕಲು ಕೂತಾಗ ನಾನು ಮೊದಲು ಹೇಳುವ ಮಾತು ಒಂದೇ. ಬಡತನ ಮಗುವಿಗೆ ಇರುವ ಪರಿಸ್ಥಿತಿ, ಕಲಿಕೆಯ ತೊಡಕು ಬೇರೆ. ಒಂದೇ ತರಗತಿಯ ಮೂರು ಮಕ್ಕಳನ್ನು ತಗೊಳ್ಳಿ. ಒಬ್ಬಳು ಪಾಠವನ್ನು ಸರಾಗವಾಗಿ ಓದುತ್ತಾಳೆ, ಓದಿದ್ದರಲ್ಲಿ ಅರ್ಧ ಪದಗಳ ಅರ್ಥ ಗೊತ್ತಿಲ್ಲ. ಇನ್ನೊಬ್ಬ ಸೋಮವಾರ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಮೂರನೆಯವಳು ತರಗತಿಗೇ ಮುಂದು. ಅವಳಿಗೆ ಬೇಕಿರುವುದು ಇನ್ನೂ ಕಷ್ಟದ ಕೆಲಸ. ಮೂವರನ್ನೂ ಒಂದೇ ಪಟ್ಟಿಗೆ ಸೇರಿಸಿ, ಮಧ್ಯಾಹ್ನ ಒಂದೇ ‘ಸಹಾಯದ ಗುಂಪಿಗೆ’ ಕಳಿಸಿದರೆ ಯಾರಿಗೂ ಉಪಯೋಗವಿಲ್ಲ. ಮುಂದಿರುವ ಮಗುವನ್ನಂತೂ ಎಷ್ಟೋ ಶಾಲೆಗಳು ಮರೆತೇಬಿಡುತ್ತವೆ.

ಎಲ್ಲರಿಗೂ ಮೊದಲು ಹೊಳೆಯುವ ದಾರಿ ಟೀಚಿಂಗ್ ಅಸಿಸ್ಟೆಂಟ್, ಅಂದರೆ ತರಗತಿಯಲ್ಲಿ ಶಿಕ್ಷಕರಿಗೆ ನೆರವಾಗುವ ಸಹಾಯಕರನ್ನು ನೇಮಿಸಿ ಹಿಂದುಳಿದ ಮಗುವಿನ ಪಕ್ಕ ಕೂರಿಸುವುದು. ಅದು ಹೇಗೆ ನಡೆಯುತ್ತದೆ ಅಂತ ಹತ್ತಿರದಿಂದ ನೋಡಬೇಕು. ಲೆಕ್ಕದ ಪೀರಿಯಡ್. ಹುಡುಗ 34ರಲ್ಲಿ 18 ಕಳೆಯಬೇಕು. ಅವನು ಪುಸ್ತಕ ನೋಡುವುದಿಲ್ಲ, ಪಕ್ಕದಲ್ಲಿರುವ ಅಸಿಸ್ಟೆಂಟ್ ಮುಖ ನೋಡುತ್ತಾನೆ. ‘4ರಲ್ಲಿ 8 ಹೋಗಲ್ಲ ಅಲ್ವಾ? ಪಕ್ಕದಿಂದ ಒಂದು ಹತ್ತು ತಗೋ. ಈಗ 14. ಅದರಲ್ಲಿ 8 ಹೋದ್ರೆ?’ ಅವನು ಸುಮ್ನೆ ಕಾಯುತ್ತಾನೆ. ಪೀರಿಯಡ್ ಮುಗಿಯುತ್ತಾ ಬಂತು, ಉಳಿದ ಲೆಕ್ಕಗಳಿವೆ. ಪಾಪ, ಅವರೇ ‘ಆರು’ ಅನ್ನುತ್ತಾರೆ. ಇವನು 6 ಬರೆಯುತ್ತಾನೆ. ಪುಟದ ತುಂಬ ಸರಿ ಉತ್ತರ. ಮರುದಿನ ಒಬ್ಬನೇ ಕೂತು 52ರಲ್ಲಿ 27 ಕಳೆದು 35 ಅಂತ ಬರೆಯುತ್ತಾನೆ. ಮೇಲಿರಲಿ ಕೆಳಗಿರಲಿ, ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದ್ದಾನೆ. ಅವನ ನಿಜವಾದ ತೊಡಕು ಇದು. ಹಿಂದಿನ ದಿನ ಸರಿ ಉತ್ತರಗಳ ಅಡಿಯಲ್ಲಿ ಅದು ಮುಚ್ಚಿಹೋಗಿತ್ತು.

2003ರಿಂದ 2008ರವರೆಗೆ ಲಂಡನ್ನಿನ ಇನ್‌ಸ್ಟಿಟ್ಯೂಟ್ ಆಫ್ ಎಜುಕೇಶನ್ ನಡೆಸಿದ ದೊಡ್ಡ ಅಧ್ಯಯನ ಇದನ್ನೇ ಹೇಳಿತು. ಅಸಿಸ್ಟೆಂಟ್‌ಗಳ ನೆರವು ಜಾಸ್ತಿ ಪಡೆದ ಮಕ್ಕಳು, ಅವರಂಥದೇ ಬೇರೆ ಮಕ್ಕಳಿಗಿಂತ ಕಡಿಮೆ ಪ್ರಗತಿ ಕಂಡಿದ್ದರು. ತಪ್ಪು ಅಸಿಸ್ಟೆಂಟ್‌ಗಳದ್ದಲ್ಲ. ತರಬೇತಿ ಕೊಡದೆ, ಪಾಠ ಏನೆಂದು ಮೊದಲೇ ಹೇಳದೆ, ಅತಿ ಕಷ್ಟದ ಕೆಲಸವನ್ನು ಅವರಿಗೆ ಒಪ್ಪಿಸಿದ ಶಾಲೆಗಳದ್ದು. ಹಿಂದುಳಿದ ಮಗುವಿಗೆ ಶಿಕ್ಷಕರೇ ಹೆಚ್ಚು ಸಿಗಬೇಕು. ಅಸಿಸ್ಟೆಂಟ್ ಆ ಹೊತ್ತು ಉಳಿದ ತರಗತಿಯನ್ನು ನೋಡಿಕೊಳ್ಳಲಿ.

ಅದೇ ಅಸಿಸ್ಟೆಂಟ್‌ಗೆ ಸರಿಯಾದ ತರಬೇತಿ, ಕ್ರಮವಾದ ಕಾರ್ಯಕ್ರಮ ಕೊಟ್ಟು ನೋಡಿ, ಫಲಿತಾಂಶ ಬೇರೆಯೇ. ನಾಲ್ಕೈದು ವರ್ಷದ ಮಕ್ಕಳಿಗಾಗಿ ನಫೀಲ್ಡ್ ಭಾಷಾ ಕಾರ್ಯಕ್ರಮ ಅಂತ ಒಂದಿದೆ. 20 ವಾರ. ವಾರಕ್ಕೆ ಮೂರು ಸಲ ಸಣ್ಣ ಗುಂಪಿನಲ್ಲಿ, ಎರಡು ಸಲ ಒಬ್ಬೊಬ್ಬರಿಗೇ. ಹೊಸ ಪದ ಕೇಳುವುದು, ಅದನ್ನು ಬಾಯಲ್ಲಿ ಆಡುವುದು, ಕತೆ ಹೇಳುವುದು, ಇನ್ನೊಬ್ಬರು ಹೇಳುವಾಗ ಕಿವಿಗೊಡುವುದು. ಇದನ್ನು ಪ್ರಯೋಗ ಮಾಡಿ ಅಳೆದೂ ನೋಡಿದ್ದಾರೆ, ಮಕ್ಕಳ ಮಾತು ಸುಧಾರಿಸಿದೆ. ಮಾತು ಬೆಳೆಯದೆ ಓದಿದ್ದು ಅರ್ಥವಾಗುವುದು ಕಷ್ಟ. ಹಾಗಾಗಿ ಇಂಥದಕ್ಕೆ ಹಾಕುವ ದುಡ್ಡಿನ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ.

ಶಿಕ್ಷಕರ ತರಬೇತಿಗೆ ಖರ್ಚು ಮಾಡಿದಾಗ ಮಾತ್ರ ಪೋಷಕರಿಗೆ ಬೇಸರವಾಗುತ್ತದೆ. ಬಡ ಮಕ್ಕಳ ದುಡ್ಡು ಟೀಚರ್‌ಗೆ ಯಾಕೆ ಅಂತ. ಆ ಮಗು ದಿನವಿಡೀ ಕೂರುವುದು ಆ ಟೀಚರ್ ಮುಂದೆಯೇ. ದಿನದ ಪಾಠ ಚೆನ್ನಾಗಿಲ್ಲದಿದ್ದರೆ, ವಾರಕ್ಕೆ ಎರಡು ಸಲ ಅರ್ಧ ಗಂಟೆ ಟ್ಯೂಷನ್ ಕೊಟ್ಟು ಅದನ್ನು ಸರಿಮಾಡಲು ಆಗದು. ಅದಕ್ಕೇ, ಯಾವ ಬಗೆಯ ಕಲಿಸುವಿಕೆ ಫಲ ಕೊಡುತ್ತದೆ ಅಂತ ಅಳೆದು ನೋಡುವ ಸಂಸ್ಥೆಯಾದ ಎಜುಕೇಶನ್ ಎಂಡೋಮೆಂಟ್ ಫೌಂಡೇಶನ್ ಕೂಡ ತರಗತಿಯ ಪಾಠವನ್ನೇ ಮೊದಲು ಇಡುತ್ತದೆ. ಆಮೇಲೆ ಗುಂಪಿನ ನೆರವು, ಅದರ ಜೊತೆಗೆ ಹಾಜರಾತಿ, ಬೆಳಗಿನ ತಿಂಡಿ, ಪ್ರವಾಸದ ಖರ್ಚು ಇತ್ಯಾದಿ. ಸೋಮವಾರ ತಪ್ಪಿಸುವ ಹುಡುಗನಿಗೆ ಟ್ಯೂಷನ್‌ಗಿಂತ ಮೊದಲು ಬೇಕಿರುವುದು ಅವನ ಅಮ್ಮನ ಜೊತೆ ಕೂತು ಮಾತಾಡುವ ಒಬ್ಬರು.

ದುಡ್ಡು ಎಲ್ಲಿ ಹೋಯಿತು ಅಂತ ಶಾಲೆ ಪ್ರತಿ ವರ್ಷ ಡಿಸೆಂಬರ್ 31ರ ಒಳಗೆ ವೆಬ್‌ಸೈಟಿನಲ್ಲಿ ಹಾಕಬೇಕು. ಪೋಷಕರು ಅದನ್ನು ತೆಗೆದು ಓದಿ. ಮಕ್ಕಳ ತೊಡಕು ಏನೆಂದು ಬಿಡಿಸಿ ಬರೆದಿದ್ದಾರಾ, ಅಥವಾ ಬರೀ ಖರೀದಿಯ ಪಟ್ಟಿ ಇದೆಯಾ ನೋಡಿ. ಎರಡನೆಯದಾದರೆ ಹೆಡ್ ಟೀಚರ್ ಹತ್ತಿರ ಹೋಗಿ ಕೇಳಿ.

ಇನ್ನೊಂದು ವಿಷಯ, ಇದರಲ್ಲಿ ಪ್ರತಿ ವರ್ಷ ದುಡ್ಡು ಕೈತಪ್ಪುತ್ತದೆ. 2014ರಿಂದ ರಿಸೆಪ್ಷನ್ (ನಾಲ್ಕೈದು ವರ್ಷದ ಮಕ್ಕಳ ಮೊದಲ ತರಗತಿ), ಒಂದು ಮತ್ತು ಎರಡನೇ ತರಗತಿಯ ಎಲ್ಲ ಮಕ್ಕಳಿಗೂ ಊಟ ಉಚಿತ. ಹೇಗೂ ಊಟ ಸಿಗುತ್ತಲ್ಲ, ಅರ್ಜಿ ಯಾಕೆ ಅಂತ ಅರ್ಹರಿರುವ ಎಷ್ಟೋ ಮನೆಯವರು ಸುಮ್ಮನಾಗುತ್ತಾರೆ. ಅರ್ಹತೆ ದಾಖಲಾಗದಿದ್ದರೆ ಆ ಮಗುವಿನ ಲೆಕ್ಕದಲ್ಲಿ ಶಾಲೆಗೆ ಏನೂ ಬರುವುದಿಲ್ಲ. ನಾಲ್ಕು ವರ್ಷಕ್ಕೇ ದಾಖಲಾದರೆ ಪ್ರಾಥಮಿಕ ಶಾಲೆಯ ಬಹುಪಾಲು ವರ್ಷ ಆ ದುಡ್ಡು ಬರುತ್ತದೆ. ಅಕ್ಟೋಬರ್‌ನ ಶಾಲಾ ಗಣತಿಗೆ ಮುಂಚೆ ಶಾಲೆಯ ಆಫೀಸಿನಲ್ಲಿ ವಿಚಾರಿಸಿ, ಅರ್ಜಿ ಹಾಕಿ. ಮನೆ ಆದಾಯದ ವಿಷಯ ಮಗುವಿನ ಗೆಳೆಯರಿಗೆ ಗೊತ್ತಾಗುವುದಿಲ್ಲ.