ಟ್ಯಾಂಗೋದಲ್ಲಿ ಲೀಡ್ ಯಾರದು?

ಹಾಸನದ ನಮ್ಮ ಕ್ಲಾಸಿಗೆ ಟ್ಯಾಂಗೋ ಎಂಬ ಜೋಡಿ ಡಾನ್ಸ್ ಕಲಿಯಲು ಬರುವವರು, ಗಂಡ ಲೀಡ್ (ನಡೆಸುವುದು), ಹೆಂಡತಿ ಫಾಲೋ (ಅನುಸರಿಸುವುದು) ಎಂದು ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಬಂದಿರುತ್ತಾರೆ. ನಾನು ಮೊದಲ ದಿನದಿಂದಲೇ ಎಲ್ಲರಿಗೂ ಎರಡನ್ನೂ ಕಲಿಸುತ್ತೇನೆ. ಗಂಡ-ಹೆಂಡತಿ ಇರಲಿ, ಇಬ್ಬರು ಹುಡುಗರಿರಲಿ, ಇಬ್ಬರು ಗೆಳತಿಯರಿರಲಿ.

ಇದೇನೂ ನಾನು ಕಂಡುಹಿಡಿದದ್ದಲ್ಲ. ಹಿಂದೆ ಟ್ಯಾಂಗೋ ಬೆಳೆದ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಗಂಡಸರು ಗಂಡಸರ ಜೊತೆಯೇ ಅಭ್ಯಾಸ ಮಾಡುತ್ತಿದ್ದರು. ಮೊದಲು ಫಾಲೋ, ಆಮೇಲೆ ಲೀಡ್. ಆದರೆ ಅದೆಲ್ಲ ಅಭ್ಯಾಸಕ್ಕಷ್ಟೇ. ಒಂದೇ ಲಿಂಗದ ಜೋಡಿಗಳು ಮುಚ್ಚುಮರೆ ಇಲ್ಲದೆ ಕುಣಿಯಲಿ ಎಂದು 2001ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಕ್ವಿಯರ್ ಟ್ಯಾಂಗೋ ಉತ್ಸವ ನಡೆಯಿತು. ಆಮೇಲೆ ಬ್ಯೂನಸ್ ಐರಿಸ್‌ನಲ್ಲೂ ಅಂಥ ಕೂಟಗಳು ಶುರುವಾದವು.

ಲೀಡ್ ಬರುವುದು ಎದೆಯಿಂದ, ಕೈಯಿಂದಲ್ಲ. ಕೈಯಲ್ಲಿ ತಳ್ಳುವ ಅಭ್ಯಾಸ ಜಾಸ್ತಿ ಇರುವವರಿಗೆ ಇಬ್ಬರ ಎದೆ ನಡುವೆ ಬಲೂನ್ ಇಟ್ಟು, ಕೈ ಹಿಂದೆ ಕಟ್ಟಿಸಿ ನಡೆಸುತ್ತೇನೆ. ಬಲೂನ್ ಬಿದ್ದರೆ ಯಾರೋ ಒಬ್ಬರು ಕಾಯಲಿಲ್ಲ ಎಂದೇ ಲೆಕ್ಕ. ಫಾಲೋ ಮಾಡಿ ನೋಡಿದವರಿಗೆ ಈ ಕಾಯುವುದು ಬೇಗ ಬರುತ್ತದೆ. ಎದುರಿನವರ ಭಾರ ಯಾವ ಕಾಲಿನ ಮೇಲಿದೆ ಎಂದು ಅವರಿಗೆ ಮೈಯಲ್ಲೇ ಗೊತ್ತಾಗುತ್ತದೆ.

ಹಾಡಿನ ನಡುವೆ ಲೀಡ್ ದಾಟಿಸುವುದು ಹೇಗೆ? ಟ್ಯಾಂಗೋದಲ್ಲಿ ಜೋಡಿಗಳೆಲ್ಲ ಅಪ್ರದಕ್ಷಿಣೆಯಾಗಿ ಸುತ್ತು ಬರುತ್ತವೆ. ಲೀಡ್ ಮಾಡುವವರ ಮುಖ ಸಾಗುವ ಕಡೆಗೆ. ಫಾಲೋ ಮಾಡುವವರು ಹೆಚ್ಚಾಗಿ ಹಿಂದಕ್ಕೆ ಹೆಜ್ಜೆ ಇಡುತ್ತಾರೆ. ನಿಂತ ಹಾಗೇ ಬದಲಿಸಿಕೊಂಡರೆ ಹಿಂದೆ ಬರುವ ಜೋಡಿಗೆ ಡಿಕ್ಕಿ ಹೊಡೆಯುವುದು ಖಂಡಿತ. ಅದಕ್ಕೇ ಮೊದಲು ಜೋಡಿಯಾಗಿಯೇ ಅರ್ಧ ಸುತ್ತು ತಿರುಗಬೇಕು. ಸಂಗೀತದ ಸಾಲು ಮುಗಿಯುವಾಗ ಇಬ್ಬರೂ ನಿಲ್ಲಬೇಕು. ಲೀಡ್ ಮಾಡುತ್ತಿದ್ದವರು ಎದುರಿನವರ ಬೆನ್ನ ಮೇಲಿಟ್ಟಿದ್ದ ತಮ್ಮ ಬಲಗೈ ತೆಗೆದು ಪಕ್ಕಕ್ಕೆ ಚಾಚುತ್ತಾರೆ. ಎದುರಿನವರು ಅದನ್ನು ಎಡಗೈಯಲ್ಲಿ ಹಿಡಿದು, ತಮ್ಮ ಬಲಗೈಯನ್ನು ಇವರ ಬೆನ್ನಿಗೆ ತರುತ್ತಾರೆ. ಈಗ ಲೀಡ್ ಅವರದು.

ನಮ್ಮಲ್ಲಿ ಯಾರು ಯಾರಿಗೆ ಏನಾಗಬೇಕು ಎಂದು ಕೇಳುವುದಿಲ್ಲ. ಕ್ಲಾಸಿನಲ್ಲಿ ಫೋಟೋ, ವಿಡಿಯೋ ಬೇಡವೇ ಬೇಡ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಸಲಿಂಗ ಪ್ರೇಮ ಅಪರಾಧವಲ್ಲ ಎಂದು ಹೇಳಿತು, ನಿಜ. ಆದರೂ ಸಣ್ಣ ಊರಿನಲ್ಲಿ ಒಂದು ವಾಟ್ಸಾಪ್ ಸ್ಟೇಟಸ್ ಸಂಜೆಯೊಳಗೆ ಬೇಲೂರಿನ ಚಿಕ್ಕಪ್ಪನ ತನಕ ಹೋಗುತ್ತದೆ. ನಿಶ್ಚಿಂತೆ ಇಲ್ಲದ ಮೈ ಫಾಲೋನೂ ಮಾಡಲ್ಲ, ಲೀಡೂ ಮಾಡಲ್ಲ.

ಕೈ ಚಾಚಿದ ಮೇಲೂ ಎದುರಿನವರು ಲೀಡ್ ತೆಗೆದುಕೊಳ್ಳದೇ ಇರಬಹುದು. ಬಲವಂತ ಮಾಡಬೇಡಿ. ಕೈಯನ್ನು ಮತ್ತೆ ಬೆನ್ನಿಗೆ ತಂದು, ಇನ್ನರ್ಧ ಸುತ್ತು ತಿರುಗಿ ಸುಮ್ನೆ ನಡೆಯಿರಿ. ಮುಂದಿನ ಹಾಡಿನಲ್ಲಿ ಮತ್ತೆ ಕೇಳಿದರಾಯಿತು.